ಟಾನ್ಸಿಲ್ ತೆಗೆಸುವ ಮುನ್ನ ಒಂದು ಲೆಕ್ಕ

ಗಂಟಲು ನೋವು ಬಂದವರಿಗೆ ನಮ್ಮಲ್ಲಿ ಸಲಹೆಗಳಿಗೇನೂ ಬರವಿಲ್ಲ. ಉಪ್ಪುನೀರು ಮುಕ್ಕಳಿಸು ಎನ್ನುವವರಿದ್ದಾರೆ, ಅರಿಶಿನದ ಹಾಲು ಕುಡಿ ಎನ್ನುವವರಿದ್ದಾರೆ, ಮೆಡಿಕಲ್ ಶಾಪಿಗೆ ಹೋಗಿ ಮೂರು ಮಾತ್ರೆಯ ಆಂಟಿಬಯಾಟಿಕ್ ತಂದು ಕೈಗಿಡುವವರೂ ಇದ್ದಾರೆ. ಅದೇ ನೋವು ಎರಡು ಮೂರು ತಿಂಗಳಿಗೊಮ್ಮೆ ಮರುಕಳಿಸತೊಡಗಿತೋ, ಸಲಹೆಯ ಧಾಟಿ ಬದಲಾಗುತ್ತದೆ. "ತೆಗೆಸಿಬಿಡು ಅತ್ತ, ಪೀಡೆ ಹೋಗಲಿ" ಎಂದು ಒಬ್ಬರು. "ಈ ವಯಸ್ಸಿನಲ್ಲಿ ಆಪರೇಷನ್ನೇ? ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ?" ಎಂದು ಇನ್ನೊಬ್ಬರು. ಇಬ್ಬರೂ ಕೇಳದೇ ಬಿಟ್ಟ ಪ್ರಶ್ನೆ ಒಂದಿದೆ: ಈ ನೋವು ಇದುವರೆಗೆ ಎಷ್ಟು ಸಲ ಬಂದಿದೆ, ಬಂದಾಗಲೆಲ್ಲ ಎಷ್ಟು ದಿನ ಕಾಡಿದೆ? ವಯಸ್ಕರ ಟಾನ್ಸಿಲ್ ಶಸ್ತ್ರಚಿಕಿತ್ಸೆಯ ತೀರ್ಮಾನ ಬಹುಮಟ್ಟಿಗೆ ಈ ಪ್ರಶ್ನೆಯ ಉತ್ತರದ ಮೇಲೆ ನಿಂತಿದೆ. ಇವತ್ತಿನ ನನ್ನ ಮಾತೂ ಅದರ ಸುತ್ತಲೇ.

ಮೊದಲು ಟಾನ್ಸಿಲ್ ಎಂದರೇನು ಎಂದು ನೋಡಿಬಿಡೋಣ. ಕನ್ನಡಿಯ ಮುಂದೆ ಬಾಯಿ ಅಗಲಿಸಿ ಟಾರ್ಚ್ ಹಿಡಿದರೆ ಕಿರುನಾಲಿಗೆಯ ಎಡಕ್ಕೂ ಬಲಕ್ಕೂ, ಎರಡು ಮಡಿಕೆಗಳ ನಡುವೆ ಒಂದೊಂದು ಉಬ್ಬು ಕಾಣುತ್ತದೆ. ಅದರ ಮೈ ನುಣುಪಾಗಿರುವುದಿಲ್ಲ. ಒಂದೊಂದರ ಮೇಲೂ ಹನ್ನೆರಡು ಹದಿನೈದು ಸಣ್ಣ ಕುಳಿಗಳಿರುತ್ತವೆ. ಬಾಯಿ ಮೂಗುಗಳ ಮೂಲಕ ಒಳಬರುವ ರೋಗಾಣುಗಳು ಈ ಕುಳಿಗಳಲ್ಲಿ ಸಿಕ್ಕಿಬೀಳುತ್ತವೆ. ಅವನ್ನು ಗುರುತಿಸಿ ಪ್ರತಿರೋಧ ಕಣಗಳನ್ನು ತಯಾರಿಸುವುದು ಟಾನ್ಸಿಲ್‌ನ ಕೆಲಸ. ಚಿಕ್ಕ ವಯಸ್ಸಿನಲ್ಲಿ ಈ ಕೆಲಸ ಜೋರಾಗಿ ನಡೆಯುತ್ತದೆ. ಹರೆಯ ದಾಟಿದ ಮೇಲೆ ಟಾನ್ಸಿಲ್ ಕುಗ್ಗುತ್ತ ಬರುತ್ತದೆ. ಆದರೆ ಕೆಲವರಲ್ಲಿ ಆ ಕುಳಿಗಳೇ ರೋಗಾಣುಗಳ ಅಡಗುದಾಣವಾಗುತ್ತವೆ. ಔಷಧಿ ನುಂಗಿದಾಗ ಸುಮ್ಮನಾಗಿ, ನಿಲ್ಲಿಸಿದ ಕೆಲವು ವಾರಗಳಲ್ಲಿ ಅವು ಮತ್ತೆ ತಲೆ ಎತ್ತುತ್ತವೆ. ಮತ್ತೆ ಮತ್ತೆ ಬರುವ ಟಾನ್ಸಿಲ್ ಬೇನೆಗೆ ಇದೂ ಒಂದು ಕಾರಣ.

ಹಾಗಾದರೆ ಡಾಕ್ಟರು ಬಾಯೊಳಗೆ ನೋಡಿ ತೆಗೆಯಬೇಕೋ ಬೇಡವೋ ಹೇಳಬಹುದಲ್ಲ ಎಂದು ನೀವು ಕೇಳಬಹುದು. ಬರೀ ಕಣ್ಣಿನ ಅಂದಾಜನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ವೈದ್ಯಕೀಯ ಚರಿತ್ರೆಯಲ್ಲೇ ಎರಡು ಪ್ರಸಂಗಗಳಿವೆ.

ಮೊದಲನೆಯದು ನ್ಯೂಯಾರ್ಕ್ ನಗರದ್ದು. 1934ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಹನ್ನೊಂದು ವರ್ಷದ 1,000 ಶಾಲಾ ಮಕ್ಕಳನ್ನು ನೋಡಿದರು. ಅವರಲ್ಲಿ ನೂರಕ್ಕೆ 61 ಮಕ್ಕಳ ಟಾನ್ಸಿಲ್ ಆಗಲೇ ತೆಗೆದಾಗಿತ್ತು. ಉಳಿದವರನ್ನು ಶಾಲಾ ವೈದ್ಯರಿಗೆ ತೋರಿಸಿದರು. ನೂರಕ್ಕೆ 45 ಮಕ್ಕಳಿಗೆ ತೆಗೆಸಬೇಕು ಎಂದು ಅವರು ಹೇಳಿದರು. ಬೇಡ ಎನಿಸಿಕೊಂಡ ಮಕ್ಕಳನ್ನು ಬೇರೆ ವೈದ್ಯರ ಮುಂದೆ ಕೂರಿಸಿದರು. ಅವರು ನೂರಕ್ಕೆ 46 ಮಕ್ಕಳಿಗೆ ಬೇಕು ಎಂದರು. ಎರಡು ಸಲ ಪಾರಾದವರನ್ನು ಮೂರನೆಯ ಗುಂಪಿನ ವೈದ್ಯರು ನೋಡಿದರು. ಅಲ್ಲೂ ನೂರಕ್ಕೆ 44ರಷ್ಟು ಮಕ್ಕಳು ಶಸ್ತ್ರಚಿಕಿತ್ಸೆಯ ಪಟ್ಟಿಗೆ ಸೇರಿದರು. ಕೊನೆಗೆ ಆ ಸಾವಿರದಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದವರು 65 ಮಕ್ಕಳು ಮಾತ್ರ. ಯಾವ ಗುಂಪನ್ನು ಮುಂದಿಟ್ಟರೂ ಹೆಚ್ಚುಕಡಿಮೆ ಅರ್ಧ ಮಂದಿಗೆ ಬೇಕು ಎನ್ನುವುದು ಅಭ್ಯಾಸವಾಗಿಬಿಟ್ಟಿತ್ತು.

ಎರಡನೆಯದು ಇಂಗ್ಲೆಂಡಿನದು. ಜೆ. ಆಲಿಸನ್ ಗ್ಲೋವರ್ ಎಂಬ ವೈದ್ಯರು 1938ರಲ್ಲಿ ಶಾಲಾ ಮಕ್ಕಳ ಟಾನ್ಸಿಲ್ ಶಸ್ತ್ರಚಿಕಿತ್ಸೆಗಳ ಅಂಕಿಸಂಖ್ಯೆ ಕಲೆಹಾಕಿದರು. ಅಕ್ಕಪಕ್ಕದ ಜಿಲ್ಲೆಗಳ ನಡುವೆ ಅಜಗಜಾಂತರವಿತ್ತು. ಲಂಡನ್ ಪಕ್ಕದ ಹಾರ್ನ್ಸಿಯಲ್ಲಿ ವರ್ಷಕ್ಕೆ 186 ಶಸ್ತ್ರಚಿಕಿತ್ಸೆ ನಡೆಯುತ್ತಿದ್ದದ್ದು 1929ರಲ್ಲಿ ಒಮ್ಮೆಗೇ 12ಕ್ಕೆ ಇಳಿದಿತ್ತು. ಮಕ್ಕಳು ಬದಲಾಗಿರಲಿಲ್ಲ, ಹವೆ ಬದಲಾಗಿರಲಿಲ್ಲ. ಶಾಲಾ ವೈದ್ಯಾಧಿಕಾರಿ ಬದಲಾಗಿದ್ದರು.

ಇದರಿಂದ ಒಂದು ಪಾಠ ಸಿಕ್ಕಿತು. ಟಾನ್ಸಿಲ್ ದಪ್ಪಗಿದೆ, ಕೆಂಪಗಿದೆ ಎಂಬುದೊಂದೇ ತೆಗೆಯಲು ಕಾರಣವಾಗದು. ಕಣ್ಣಿನ ಅಂದಾಜಿನ ಜಾಗಕ್ಕೆ ಎಣಿಕೆ ಬರಬೇಕಾಯಿತು. ಆ ಎಣಿಕೆಗೆ ಒಂದು ರೂಪ ಕೊಟ್ಟವರು ಅಮೆರಿಕದ ಪಿಟ್ಸ್‌ಬರ್ಗ್‌ನ ಮಕ್ಕಳ ವೈದ್ಯ ಜಾಕ್ ಪ್ಯಾರಡೈಸ್. ಅವರ ತಂಡದ ಅಧ್ಯಯನ 1984ರಲ್ಲಿ ಪ್ರಕಟವಾಯಿತು. ಅಲ್ಲಿಂದ ಬಂದ ಲೆಕ್ಕ ನೆನಪಿಡುವುದು ಸುಲಭ: ಏಳು, ಐದು, ಮೂರು. ಕಳೆದ ಒಂದು ವರ್ಷದಲ್ಲಿ 7 ಅಥವಾ ಹೆಚ್ಚು ಸಲ. ಇಲ್ಲವೇ ಎರಡು ವರ್ಷ ಸತತವಾಗಿ ವರ್ಷಕ್ಕೆ 5 ಸಲ. ಇಲ್ಲವೇ ಮೂರು ವರ್ಷ ಸತತವಾಗಿ ವರ್ಷಕ್ಕೆ 3 ಸಲ. ಇದು ಮಕ್ಕಳಿಗಾಗಿ ಮಾಡಿದ ಲೆಕ್ಕ. ಆದರೆ 2010ರ ಸ್ಕಾಟ್ಲೆಂಡಿನ ಮಾರ್ಗಸೂಚಿ ವಯಸ್ಕರಿಗೂ ಇದನ್ನೇ ಅನ್ವಯಿಸಿತು. ಜೊತೆಗೆ ಇನ್ನೊಂದು ಷರತ್ತನ್ನೂ ಸೇರಿಸಿತು: ಬೇನೆ ಬಂದಾಗ ಮನುಷ್ಯ ತನ್ನ ದಿನನಿತ್ಯದ ಕೆಲಸ ಮಾಡಲಾಗದಷ್ಟು ಮಲಗಿರಬೇಕು.

ಯಾವ ನೋವನ್ನು ಒಂದು ಸಲ ಎಂದು ಎಣಿಸಬೇಕು ಎಂಬುದೂ ಮುಖ್ಯ. ಪ್ಯಾರಡೈಸ್ ಅವರ ಅಧ್ಯಯನದಲ್ಲಿ ಬರೀ ಗಂಟಲು ನೋವು ಸಾಲುತ್ತಿರಲಿಲ್ಲ. ಅದರ ಜೊತೆಗೆ 38.3 ಡಿಗ್ರಿ ಸೆಲ್ಸಿಯಸ್‌ಗಿಂತ, ಎಂದರೆ ಸುಮಾರು 101 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಹೆಚ್ಚಿನ ಜ್ವರ, ಟಾನ್ಸಿಲ್ ಮೇಲೆ ಬಿಳಿ ಕೀವಿನ ಚುಕ್ಕೆ, ಕುತ್ತಿಗೆಯಲ್ಲಿ ಊದಿದ ಇಲ್ಲವೇ ಮುಟ್ಟಿದರೆ ನೋಯುವ ಗಂಟು, ಅಥವಾ ಗಂಟಲು ದ್ರವದ ಪರೀಕ್ಷೆಯಲ್ಲಿ ಸ್ಟ್ರೆಪ್ಟೋಕಾಕಸ್ ರೋಗಾಣು, ಇವುಗಳಲ್ಲಿ ಒಂದಾದರೂ ಇರಬೇಕಿತ್ತು. ಅದೂ ವೈದ್ಯರ ದಾಖಲೆಯಲ್ಲಿ ಬರೆದಿರಬೇಕಿತ್ತು.

ಏಕಿಷ್ಟು ಬಿಗಿ? ದೊಡ್ಡವರಿಗೆ ಬರುವ ಗಂಟಲು ನೋವಿನಲ್ಲಿ ಹೆಚ್ಚಿನ ಪಾಲು ವೈರಸ್‌ನದು. ಮೂಗು ಸೋರುವುದು, ಕೆಮ್ಮು, ದನಿ ಒಡೆಯುವುದು ಇದ್ದರೆ ಅದು ಬಹುತೇಕ ವೈರಸ್. ಬೆಳಿಗ್ಗೆ ಎದ್ದಾಗ ಗಂಟಲು ಒಣಗಿ ಉರಿದು, ಕಾಫಿ ಕುಡಿದ ಮೇಲೆ ಸರಿಹೋಗುತ್ತದೆಯೇ? ಹೊಟ್ಟೆಯ ಆಮ್ಲ ಮೇಲೆ ಬರುತ್ತಿರಬಹುದು, ಅಥವಾ ಮೂಗು ಕಟ್ಟಿ ರಾತ್ರಿಯಿಡೀ ಬಾಯಲ್ಲಿ ಉಸಿರಾಡುತ್ತಿರಬಹುದು. ಧೂಳಿನ ಅಲರ್ಜಿ, ಬೀಡಿ ಸಿಗರೇಟು, ಗುಟ್ಕಾ, ಇವೂ ಗಂಟಲನ್ನು ಸದಾ ಕೆರೆಯುತ್ತವೆ. ಈ ಯಾವುದಕ್ಕೂ ಟಾನ್ಸಿಲ್ ತೆಗೆಸುವುದು ಮದ್ದಲ್ಲ. ತೆಗೆಸಿದ ಮೇಲೂ ನೋವು ಹೋಗಲಿಲ್ಲ ಎಂದು ದೂರುವವರಲ್ಲಿ ಇಂಥವರೇ ಹೆಚ್ಚು.

ಒಂದು ಉದಾಹರಣೆ ನೋಡೋಣ. ಹುಬ್ಬಳ್ಳಿಯ ಬ್ಯಾಂಕೊಂದರಲ್ಲಿ ಕೆಲಸ ಮಾಡುವ 29 ವರ್ಷದ ಹೆಣ್ಣುಮಗಳು ಎಂದಿಟ್ಟುಕೊಳ್ಳಿ. "ತಿಂಗಳಿಗೊಮ್ಮೆ ಟಾನ್ಸಿಲ್ ಬರುತ್ತದೆ, ತೆಗೆದುಬಿಡಿ ಡಾಕ್ಟ್ರೇ" ಎನ್ನುತ್ತಾಳೆ. ಚೀಲದಲ್ಲಿದ್ದ ಔಷಧಿ ಚೀಟಿಗಳನ್ನು ಮೇಜಿನ ಮೇಲೆ ಹರಡಿದರೆ ವರ್ಷದಲ್ಲಿ ಒಂಬತ್ತು ಚೀಟಿ. ಅದರಲ್ಲಿ ಮೂರಕ್ಕೆ ಕೆಮ್ಮಿನ ಸಿರಪ್ಪು, ನೆಗಡಿ ಮಾತ್ರೆ ಬರೆದಿದೆ. ಎರಡರಲ್ಲಿ ಜ್ವರದ ಸುಳಿವಿಲ್ಲ, ಅಸಿಡಿಟಿ ಮಾತ್ರೆ ಇದೆ. ಉಳಿದ ನಾಲ್ಕರಲ್ಲಿ ಮಾತ್ರ ಜ್ವರ, ಕೀವು, ಕುತ್ತಿಗೆಯ ಗಂಟು ಎಲ್ಲ ಇದೆ. ಹಿಂದಿನ ವರ್ಷ ಇಂಥದ್ದು ಎರಡು ಸಲ. ಈಕೆಗೆ ಇವತ್ತು ಶಸ್ತ್ರಚಿಕಿತ್ಸೆ ಬೇಡ. ಅಸಿಡಿಟಿಗೆ ಚಿಕಿತ್ಸೆ ಬೇಕು, ಇನ್ನಾರು ತಿಂಗಳು ಕಾದು ನೋಡಬೇಕು.

ಇನ್ನೊಬ್ಬರು ಶಿವಮೊಗ್ಗದ ಕಡೆಯ ಹೈಸ್ಕೂಲು ಮೇಷ್ಟ್ರು ಎನ್ನೋಣ. ಹೋದ ವರ್ಷ ಆರು ಸಲ, ಅದರ ಹಿಂದಿನ ವರ್ಷ ಐದು ಸಲ, ಪ್ರತಿ ಸಲ ಜ್ವರ ಬಂದು ನಾಲ್ಕೈದು ದಿನ ಎಂಜಲೂ ನುಂಗಲಾಗದೆ ಮಲಗಿದ್ದಾರೆ. ವರ್ಷಕ್ಕೆ 25 ದಿನ ರಜೆ ಗಂಟಲಿಗೇ ಹೋಗಿದೆ, ಆಂಟಿಬಯಾಟಿಕ್ ಹನ್ನೊಂದು ಸುತ್ತು ಆಗಿದೆ. ಇವರೊಡನೆ ಶಸ್ತ್ರಚಿಕಿತ್ಸೆಯ ಮಾತು ಎತ್ತಲೇಬೇಕು. ಇಬ್ಬರ ಬಾಯಿಗೂ ಟಾರ್ಚ್ ಬಿಟ್ಟು ನೋಡಿದರೆ ಟಾನ್ಸಿಲ್ ಒಂದೇ ತರಹ ಕಾಣಬಹುದು. ಅವರನ್ನು ಬೇರೆ ಮಾಡುವುದು ಚೀಟಿಗಳು.

ತೆಗೆಸಿದರೆ ನಿಜವಾಗಿ ಉಪಯೋಗವಿದೆಯೇ? ವಯಸ್ಕರ ಮಟ್ಟಿಗೆ ಬಹಳ ಕಾಲ ಇದಕ್ಕೆ ಗಟ್ಟಿ ಪುರಾವೆ ಇರಲಿಲ್ಲ. ಫಿನ್‌ಲೆಂಡಿನ ಔಲು ನಗರದ ವೈದ್ಯರು 2007ರಲ್ಲಿ 70 ವಯಸ್ಕರ ಒಂದು ಚಿಕ್ಕ ಅಧ್ಯಯನ ಪ್ರಕಟಿಸಿದರು. ಇವರೆಲ್ಲ ಸ್ಟ್ರೆಪ್ಟೋಕಾಕಸ್ ಸೋಂಕು ಪದೇ ಪದೇ ಬಂದವರು. ಮೂರು ತಿಂಗಳ ಬಳಿಕ ನೋಡಿದರೆ, ಕಾದವರಲ್ಲಿ ನೂರಕ್ಕೆ 24 ಮಂದಿಗೆ ಆ ಸೋಂಕು ಮರಳಿತ್ತು, ತೆಗೆಸಿದವರಲ್ಲಿ ನೂರಕ್ಕೆ 3 ಮಂದಿಗೆ.

ಅದಕ್ಕಿಂತ ದೊಡ್ಡದು ಬ್ರಿಟನ್ನಿನ 27 ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ. ಲ್ಯಾನ್ಸೆಟ್ ಪತ್ರಿಕೆಯಲ್ಲಿ 2023ರಲ್ಲಿ ಅದು ಪ್ರಕಟವಾಯಿತು. 16 ವರ್ಷ ದಾಟಿದ 453 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕೂಡಲೇ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಎಂದಿನ ಔಷಧಿ ಮತ್ತು ಕಾಯುವಿಕೆ. ವಾರವಾರವೂ ಫೋನಿಗೆ ಸಂದೇಶ ಕಳಿಸಿ, ಈ ವಾರ ಎಷ್ಟು ದಿನ ಗಂಟಲು ನೋವಿತ್ತು ಎಂದು ಕೇಳಿ ಬರೆದುಕೊಂಡರು. ಎರಡು ವರ್ಷದ ಕೊನೆಗೆ ತೆಗೆಸಿಕೊಂಡ ಗುಂಪಿನ ಮಧ್ಯಮ ಲೆಕ್ಕ 23 ದಿನ, ಕಾದ ಗುಂಪಿನದು 30 ದಿನ. ಇತರ ವ್ಯತ್ಯಾಸಗಳನ್ನು ಸರಿದೂಗಿಸಿ ನೋಡಿದಾಗ ನೋವಿನ ದಿನಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು.

ಈ ಅಂಕಿಗಳನ್ನು ಎರಡು ಬದಿಯಿಂದಲೂ ಓದಬೇಕು. ತೆಗೆಸಿದವರಿಗೆ ಲಾಭವಾಯಿತು, ಅದು ನಿಜ. ಆದರೆ ತೆಗೆಸಿದ ಮೇಲೆ ಗಂಟಲು ನೋವು ಎಂಬುದೇ ಬರುವುದಿಲ್ಲ ಎಂಬ ಭರವಸೆ ಯಾರೂ ಕೊಡಲಾರರು. ವೈರಸ್ಸಿನ ಗಂಟಲು ನೋವು ಬರುತ್ತದೆ, ಏಕೆಂದರೆ ಟಾನ್ಸಿಲ್ ಹೋದರೂ ಗಂಟಲು ಅಲ್ಲೇ ಇರುತ್ತದೆ. ಇನ್ನೊಂದು ಮಾತು: ಕಾದವರಲ್ಲೂ ಹಲವರಿಗೆ ಕಾಲ ಕಳೆದ ಹಾಗೆ ಬೇನೆ ತಾನಾಗಿಯೇ ಕಡಿಮೆಯಾಗುತ್ತದೆ. ಆದ್ದರಿಂದಲೇ ಗಡಿರೇಖೆಯ ಮೇಲಿರುವವರಿಗೆ ಆರು ತಿಂಗಳು ಕಾಯಿರಿ ಎನ್ನುವುದು. ಆ ಆರು ತಿಂಗಳು ಸುಮ್ಮನೆ ಕಳೆಯುವ ಕಾಲವಲ್ಲ, ಲೆಕ್ಕ ಬರೆಯುವ ಕಾಲ.

ಈಗ ಲೆಕ್ಕದ ಇನ್ನೊಂದು ಬದಿಗೆ, ಖರ್ಚಿನ ಬದಿಗೆ ಬರೋಣ. ಹಣದ ಖರ್ಚಿಗಿಂತ ನೋವಿನ ಖರ್ಚು ದೊಡ್ಡದು. ಶಸ್ತ್ರಚಿಕಿತ್ಸೆ ಪೂರ್ತಿ ಅರಿವಳಿಕೆಯಲ್ಲಿ ನಡೆಯುತ್ತದೆ, ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಹೊರಗೆ ಗಾಯವಿಲ್ಲ, ಹೊಲಿಗೆಯೂ ಸಾಮಾನ್ಯವಾಗಿ ಇರುವುದಿಲ್ಲ. ಟಾನ್ಸಿಲ್ ಇದ್ದ ಗೂಡು ಹಸಿ ಗಾಯವಾಗಿಯೇ ಉಳಿದು ತಾನಾಗಿ ಮಾಯಬೇಕು. ಮರುದಿನ ಕನ್ನಡಿಯಲ್ಲಿ ನೋಡಿಕೊಂಡವರು ಬೆಚ್ಚುತ್ತಾರೆ: ಅಲ್ಲಿ ಬೆಳ್ಳಗೆ, ಕೆನೆಗಟ್ಟಿದಂಥ ಪೊರೆ ಕೂತಿರುತ್ತದೆ. ಅದು ಕೀವಲ್ಲ, ಗಾಯ ಮಾಯುವ ಕ್ರಮವೇ ಹಾಗೆ. ಒಂದು ವಾರದ ಆಸುಪಾಸಿನಲ್ಲಿ ಅದು ಕಳಚಿಕೊಳ್ಳುತ್ತದೆ.

ಮಕ್ಕಳು ನಾಲ್ಕೈದು ದಿನಕ್ಕೆ ಆಟಕ್ಕೆ ಓಡುತ್ತಾರೆ, ದೊಡ್ಡವರಿಗೆ ಹಾಗಲ್ಲ. ನೋವು ಮೂರನೆಯ ದಿನದಿಂದ ಐದನೆಯ ದಿನದವರೆಗೆ ಏರುತ್ತ ಹೋಗುತ್ತದೆ. ಗಂಟಲಿಗೂ ಕಿವಿಗೂ ಒಂದೇ ನರದ ನಂಟಿರುವುದರಿಂದ ನುಂಗಿದಾಗಲೆಲ್ಲ ಕಿವಿಯೊಳಗೆ ಚಳಕ್ ಎನ್ನುತ್ತದೆ. ಹತ್ತು ದಿನದಿಂದ ಎರಡು ವಾರದವರೆಗೆ ಕೆಲಸಕ್ಕೆ ರಜೆ ಬೇಕು. ನೋವಿನ ಮಾತ್ರೆಯನ್ನು ನೋವು ಬಂದ ಮೇಲೆ ಅಲ್ಲ, ಹೇಳಿದ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು. ನೋಯುತ್ತದೆಂದು ಬಾಯಿ ಮುಚ್ಚಿ ಮಲಗಿದರೆ ಗಾಯ ಒಣಗಿ ನೋವು ಇನ್ನೂ ಹೆಚ್ಚುತ್ತದೆ. ನೀರು, ಗಂಜಿ, ಮೊಸರನ್ನ, ಮೆತ್ತನೆಯ ಇಡ್ಲಿ, ಐಸ್‌ಕ್ರೀಮ್, ಏನಾದರೂ ಸರಿ, ನುಂಗುತ್ತಲೇ ಇರಬೇಕು. ಚಕ್ಕುಲಿ, ನಿಪ್ಪಟ್ಟು, ಖಾರದ ಚಟ್ನಿ ಮಾತ್ರ ಬೇಡ.

ನೋವಿಗಿಂತ ಎಚ್ಚರ ವಹಿಸಬೇಕಾದದ್ದು ರಕ್ತಸ್ರಾವದ ಬಗ್ಗೆ. ಇದಕ್ಕೆ ಎರಡು ಗಳಿಗೆಗಳಿವೆ. ಮೊದಲನೆಯದು ಶಸ್ತ್ರಚಿಕಿತ್ಸೆಯಾದ 24 ಗಂಟೆಯೊಳಗೆ. ಎರಡನೆಯದು ಐದರಿಂದ ಹತ್ತನೆಯ ದಿನದ ನಡುವೆ, ಆ ಬಿಳಿ ಪೊರೆ ಕಳಚುವ ಹೊತ್ತಿಗೆ. ಆಗ ನೀವು ಮನೆಯಲ್ಲಿರುತ್ತೀರಿ. ಬ್ರಿಟನ್ನಿನಲ್ಲಿ 2003-04ರಲ್ಲಿ ಸುಮಾರು 34,000 ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿದಾಗ ವಯಸ್ಕರಲ್ಲಿ ನೂರಕ್ಕೆ ಸುಮಾರು 5 ಮಂದಿಗೆ ಗಣನೀಯ ರಕ್ತಸ್ರಾವವಾಗಿತ್ತು. ನಾನು ಹೇಳಿದ 2023ರ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆ ಆದವರ ಪೈಕಿ ನೂರಕ್ಕೆ 19 ಮಂದಿಗೆ ರಕ್ತಸ್ರಾವವಾಗಿದ್ದು ದಾಖಲಾಗಿದೆ. ಎಂಜಲಲ್ಲಿ ಒಂದು ಗೆರೆ ಕೆಂಪು ಕಂಡರೂ, ಹಸಿ ರಕ್ತ ಉಗುಳುವಂತಾದರೂ ಕಾಯುತ್ತ ಕೂರದೆ ಆಸ್ಪತ್ರೆಗೆ ಹೊರಡಬೇಕು, ಮಧ್ಯರಾತ್ರಿಯಾದರೂ ಸರಿಯೇ. ಹೆಚ್ಚಿನವು ತಾವಾಗಿ ನಿಲ್ಲುತ್ತವೆ, ಕೆಲವಕ್ಕೆ ಮತ್ತೆ ಥಿಯೇಟರಿಗೆ ಒಯ್ದು ರಕ್ತನಾಳ ಕಟ್ಟಬೇಕಾಗುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮೂರನೆಯ ದಿನಕ್ಕೇ ಆಸ್ಪತ್ರೆ ದೂರವಿರುವ ಹಳ್ಳಿಗೆ ಹೋಗುವುದು, ಮದುವೆಗೆ ಪ್ರಯಾಣ ಮಾಡುವುದು ಬೇಡ. ಎರಡು ವಾರ ಆಸ್ಪತ್ರೆಗೆ ಹತ್ತಿರದಲ್ಲಿರಿ. ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ಮೊದಲೇ ವೈದ್ಯರಿಗೆ ಹೇಳಿ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯ. ಹಿಮೋಗ್ಲೋಬಿನ್ 10 ಗ್ರಾಮಿಗಿಂತ ಕಡಿಮೆ ಇದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು.

ಎರಡು ಭಯಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಟಾನ್ಸಿಲ್ ತೆಗೆಸಿದರೆ ರೋಗನಿರೋಧಕ ಶಕ್ತಿ ಹೋಗುವುದೇ? ಬಾಲ್ಯದಲ್ಲಿ ತೆಗೆಸಿದವರ ಬಗ್ಗೆ ಡೆನ್ಮಾರ್ಕಿನ ಒಂದು ದೊಡ್ಡ ಅಧ್ಯಯನ 2018ರಲ್ಲಿ ಕೆಲವು ಅನುಮಾನಗಳನ್ನು ಎತ್ತಿತು, ಚರ್ಚೆಯೂ ನಡೆಯಿತು. ವಯಸ್ಕರಲ್ಲಿ ಗಮನಕ್ಕೆ ಬರುವಂಥ ಕೊರತೆ ಕಂಡುಬಂದಿಲ್ಲ. ನಾಲಿಗೆಯ ಬುಡದಲ್ಲೂ ಮೂಗಿನ ಹಿಂದೆಯೂ ಅದೇ ಬಗೆಯ ಅಂಗಾಂಶ ಇದ್ದು ಕೆಲಸ ನಡೆಸುತ್ತದೆ. ಇನ್ನು ದನಿ. ಹಾಡುವವರು, ಯಕ್ಷಗಾನದ ಭಾಗವತರು, ಪಾಠ ಮಾಡುವವರು ಇದನ್ನು ಕೇಳಿಯೇ ಕೇಳುತ್ತಾರೆ. ದನಿಪೆಟ್ಟಿಗೆ ಇರುವುದು ಕೆಳಗೆ, ಕತ್ತಿನಲ್ಲಿ. ಈ ಶಸ್ತ್ರಚಿಕಿತ್ಸೆ ಅಲ್ಲಿಗೆ ಹೋಗುವುದೇ ಇಲ್ಲ. ಗಂಟಲಿನ ಗಾತ್ರ ಬದಲಾಗುವುದರಿಂದ ಕೆಲವು ವಾರ ಅನುರಣನ ಬೇರೆ ಎನಿಸಬಹುದು. ದನಿಯನ್ನೇ ನಂಬಿ ಬದುಕುವವರು ಕಛೇರಿ, ಮೇಳ ಇಲ್ಲದ ತಿಂಗಳು ನೋಡಿ ದಿನ ಗೊತ್ತುಮಾಡಿಕೊಳ್ಳಲಿ.

ಎಣಿಕೆ ಮಾಡುತ್ತ ಕೂರಬಾರದ ಸಂದರ್ಭಗಳೂ ಇವೆ, ಅವನ್ನು ಗಮನವಿಟ್ಟು ಕೇಳಿ. ಒಂದೇ ಪಕ್ಕದ ಟಾನ್ಸಿಲ್ ದಿನೇ ದಿನೇ ದಪ್ಪವಾಗುತ್ತಿದ್ದರೆ, ಅಥವಾ ಮಾಯದ ಹುಣ್ಣಿದ್ದರೆ, ನೋವಿಲ್ಲದಿದ್ದರೂ ತೋರಿಸಿ. ಅದು ಕ್ಯಾನ್ಸರ್ ಆಗಿರಬಹುದು, ಪರೀಕ್ಷೆಗೆ ಕಳಿಸಬೇಕಾಗುತ್ತದೆ. ಹೊಗೆಸೊಪ್ಪು, ಗುಟ್ಕಾ ಹಾಕುವವರಂತೂ ಒಂದು ದಿನವೂ ತಡಮಾಡಬೇಡಿ. ಟಾನ್ಸಿಲ್ ಹಿಂದೆ ಕೀವು ತುಂಬಿ ಬಾಯಿ ತೆರೆಯಲಾಗದೆ, ಮಾತು ಬಾಯಲ್ಲಿ ಬಿಸಿ ಗೆಣಸಿಟ್ಟುಕೊಂಡಂತೆ ಆಗಿದ್ದರೆ ಅದು ತುರ್ತು. ಆ ಕೀವನ್ನು ಕೂಡಲೇ ತೆಗೆಯಬೇಕು, ಅದು ಮತ್ತೊಮ್ಮೆ ಬಂದರೆ ಟಾನ್ಸಿಲ್ ತೆಗೆಸುವ ಮಾತು ಬರುತ್ತದೆ. ರಾತ್ರಿ ನಿದ್ರೆಯಲ್ಲಿ ಗೊರಕೆ ಹೊಡೆಯುತ್ತ ಉಸಿರು ಕಟ್ಟುವಷ್ಟು ಟಾನ್ಸಿಲ್ ದೊಡ್ಡದಾಗಿದ್ದರೂ ಲೆಕ್ಕ ಬೇರೆಯೇ.

ಇನ್ನು ನಮ್ಮ ದೇಶದಲ್ಲಿ ಇಂದಿಗೂ ಇರುವ ರುಮಾಟಿಕ್ ಜ್ವರದ ವಿಷಯ. ಸ್ಟ್ರೆಪ್ಟೋಕಾಕಸ್ ಗಂಟಲು ಬೇನೆಯಿಂದ ಶುರುವಾಗಿ ಕೀಲಿಗೆ, ಹೃದಯದ ಕವಾಟಕ್ಕೆ ಹೋಗುವ ರೋಗ ಇದು. ಅಂಥವರು ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ತೆಗೆದುಕೊಳ್ಳುತ್ತಾರೆ. ಟಾನ್ಸಿಲ್ ತೆಗೆಸಿದೆ, ಇನ್ನು ಚುಚ್ಚುಮದ್ದು ಏಕೆ ಎಂದು ಅದನ್ನು ನಿಲ್ಲಿಸಬಾರದು. ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ.

ಹಾಗಾದರೆ ಇವತ್ತಿನಿಂದ ಏನು ಮಾಡಬಹುದು? ಗೋಡೆಯ ಕ್ಯಾಲೆಂಡರು ಇದ್ದರೆ ಸಾಕು. ಗಂಟಲು ಹಿಡಿದ ದಿನ ಗುರುತು ಹಾಕಿ. ಪಕ್ಕದಲ್ಲಿ ಥರ್ಮಾಮೀಟರಿನಲ್ಲಿ ಕಂಡ ಜ್ವರ ಬರೆಯಿರಿ. ಕೆಮ್ಮು ನೆಗಡಿ ಇತ್ತೇ, ಎಷ್ಟು ದಿನ ರಜೆ ಹಾಕಿದಿರಿ, ಯಾವ ಮಾತ್ರೆ ಎಷ್ಟು ದಿನ ನುಂಗಿದಿರಿ, ಬರೆಯಿರಿ. ವೈದ್ಯರ ಚೀಟಿಗಳನ್ನು ಎಸೆಯದೆ ಒಂದು ಕವರಿನಲ್ಲಿಡಿ. ಅಂಗಡಿಯಿಂದ ಮೂರು ಮಾತ್ರೆ ತಂದು ನುಂಗುವ ಅಭ್ಯಾಸ ಬಿಡಿ. ಅದರಿಂದ ಬೇನೆ ಅರೆಬರೆ ಅಡಗುತ್ತದೆ, ದಾಖಲೆಯೂ ಉಳಿಯುವುದಿಲ್ಲ. ವೈದ್ಯರು ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಹತ್ತು ದಿನಕ್ಕೆ ಬರೆದಿದ್ದರೆ, ನಾಲ್ಕನೆಯ ದಿನಕ್ಕೆ ನೋವು ಹೋದರೂ ಹತ್ತೂ ದಿನ ಮುಗಿಸಿ. ಆರೋಗ್ಯ ವಿಮೆ ಇರುವವರು ಪಾಲಿಸಿ ತೆಗೆದು ಓದಿ. ಹಲವು ಪಾಲಿಸಿಗಳಲ್ಲಿ ಟಾನ್ಸಿಲ್ ಶಸ್ತ್ರಚಿಕಿತ್ಸೆಗೆ ಎರಡು ವರ್ಷ ಕಾಯುವ ಷರತ್ತು ಇರುತ್ತದೆ.

ಆಮೇಲೆ ಆ ಕ್ಯಾಲೆಂಡರು ಹಿಡಿದು ಕಿವಿ ಮೂಗು ಗಂಟಲು ತಜ್ಞರ ಮುಂದೆ ಕುಳಿತು ಮೂರು ಪ್ರಶ್ನೆ ಕೇಳಿ. ಇವುಗಳಲ್ಲಿ ನಿಜವಾದ ಟಾನ್ಸಿಲ್ ಬೇನೆ ಎಷ್ಟು? ಇನ್ನಾರು ತಿಂಗಳು ಕಾದರೆ ನನಗೆ ನಷ್ಟವೇನು? ತೆಗೆಸಿದರೆ ಈ ಊರಿನಲ್ಲಿ, ರಾತ್ರಿ ರಕ್ತ ಬಂದರೆ ನಾನು ಎಲ್ಲಿಗೆ ಬರಬೇಕು? ಮೂರಕ್ಕೂ ನೇರ ಉತ್ತರ ಸಿಕ್ಕಿದರೆ ತೀರ್ಮಾನ ಕಷ್ಟವಲ್ಲ. ವರ್ಷಕ್ಕೆ ನೀವು ಕಳೆದುಕೊಳ್ಳುವ ದಿನಗಳು ಒಂದು ಕಡೆ, ಎರಡು ವಾರದ ಖಚಿತ ನೋವು ಮತ್ತು ಚಿಕ್ಕದಾದರೂ ನಿಜವಾದ ಅಪಾಯ ಇನ್ನೊಂದು ಕಡೆ. ಯಾವುದು ಭಾರ ಎಂದು ವೈದ್ಯರು ತಿಳಿಸಿಕೊಡಬಹುದು. ನಿಮ್ಮ ಕೆಲಸ, ನಿಮ್ಮ ಮನೆ, ನಿಮ್ಮ ಸಹನೆಯ ಮಿತಿ ಗೊತ್ತಿರುವುದು ನಿಮಗೆ. ಬೇಕು ಎನ್ನುವುದೂ ಬೇಡ ಎನ್ನುವುದೂ ನಿಮಗೆ ಬಿಟ್ಟದ್ದು. ಲೆಕ್ಕ ಸರಿಯಾಗಿರಲಿ ಎಂಬುದಷ್ಟೇ ನನ್ನ ಕೋರಿಕೆ.